ಸುಣ್ಣದ ಬೊಟ್ಟು

ಎದುರು ಮನೆಯವರು ಗೋಡೆಗೆ ಸುಣ್ಣ ಬಳಿಸುತ್ತಿದ್ದಾರೆ. ಆ ಹಸಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಎಡಗೆನ್ನೆಗೆ ಹೋಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನಾವೆಲ್ಲ ಹುಮನಾಬಾದಿನ ಮನೆಯಿಂದ ರಾಜೇಶ್ವರಕ್ಕೆ ಮದುವೆಗೆ ಹೊರಟಿದ್ದೆವು. ದೃಷ್ಟಿಯಾಗದಿರಲೆಂದು ಸೋದರತ್ತೆ ತನ್ನ ಮಗಳು ಸುಮಾಳ ಬೆಳ್ಳನೆಯ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟಳು. ನಾನೂ ಹೋಗಿ ಕೆನ್ನೆ ಒಡ್ಡಿದೆ. ಅತ್ತೆ ನಕ್ಕು ಡಬ್ಬಿ ಮುಚ್ಚಿದಳು.

“ಈಕಿಗಿ ಕಾಡಿಗಿ ಇಟ್ರ ಯಾರಿಗಿ ಕಾಣ್ತದ?”

ನನ್ನಷ್ಟೇ ಕಪ್ಪಗಿದ್ದ ಅವ್ವ ನನ್ನನ್ನು ಹತ್ತಿರ ಎಳೆದುಕೊಂಡು ಜಡೆಯನ್ನು ನೋಯುವಷ್ಟು ಬಿಗಿಯಾಗಿ ಹೆಣೆದಳು.

ಅಪ್ಪನ ತಾಯಿ, ನಮ್ಮ ಆಯಿ, ಹೊಸ್ತಿಲ ಬಳಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. “ಇಲ್ಲಿ ಬಾ” ಎಂದು ಕರೆದು ನನ್ನ ಗದ್ದ ಹಿಡಿದಳು. ಬೆರಳ ತುದಿಯಲ್ಲಿದ್ದ ಸುಣ್ಣವನ್ನು ಎಲೆಗೆ ಹಚ್ಚದೆ ನನ್ನ ಕೆನ್ನೆಗೆ ಒತ್ತಿದಳು. ಮೊದಲು ತಣ್ಣಗನಿಸಿತು, ಆಮೇಲೆ ಸಣ್ಣಗೆ ಚುರುಗುಟ್ಟಿತು.

“ನೋಡೋರ ಕಣ್ಣು ಮೊದ್ಲ ಬೊಟ್ಟಿನ ಮ್ಯಾಲ ಬೀಳಬೇಕು. ಅದು ಎದ್ದು ಕಾಣಬೇಕಲ್ಲ” ಎಂದಳು, ಅತ್ತೆಯ ಕಡೆ ನೋಡದೆಯೇ.

ಕನ್ನಡಿಗೆ ಓಡಿದೆ. ಜೋಳದ ಕಾಳಿನಷ್ಟು ಬಿಳುಪು ನನ್ನ ಕೆನ್ನೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ಅದರ ಸುತ್ತಲಿನ ಮುಖವನ್ನೂ ಅವತ್ತು ತುಂಬ ಹೊತ್ತು ನೋಡಿದೆ.

ಸುಮಾ ಕಾಲು ಬಡಿಯತೊಡಗಿದಳು. ಅವಳಿಗೂ ಬಿಳಿ ಬೊಟ್ಟೇ ಬೇಕಾಗಿತ್ತು. ಆಯಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೆನ್ನೆ ಸವರಿ, ಬಹಳ ಅಕ್ಕರೆಯಿಂದ ಹೇಳಿದಳು:

“ನಿನಗಿಟ್ರ ಕಾಣಲ್ಲವ್ವ.”