ಒಂದು ಸೀಟಿ

ಹಿಂದಿನಿಂದ ಒಂದು ಸೀಟಿ ಕೇಳಿದ್ದೇ ತಡ, ಡ್ರೈವರನ ಎರಡೂ ಕೈಗಳು ತಾವಾಗಿಯೇ ಬ್ರೇಕು ಹಿಡಿದವು. ಇಬ್ಬರು ತುಳಿಯುವ ಆ ಉದ್ದನೆಯ ಬಾಡಿಗೆ ಸೈಕಲ್ಲು ನದಿಯ ದಂಡೆಯ ಮೇಲೆ ಕಿರುಗುಟ್ಟಿ ನಿಂತಿತು. ಹೊರಟು ಅರ್ಧ ಗಂಟೆಯಾಗಿಲ್ಲ, ಇದು ಐದನೆಯ ಸಲ.

“ಈಗ ಯಾರಯ್ಯಾ ಇಳಿಯೋರು?” ಎಂದ ಡ್ರೈವರ್.

“ಬಾತುಕೋಳಿ. ಮರಿಗಳನ್ನ ಕಟ್ಕೊಂಡು ದಾಟ್ತಾ ಇದೆ. ಹಾಂ, ಆಯ್ತು, ರೈಟ್!” ಎಂದು ಹಿಂದೆ ಕೂತಿದ್ದ ಕಂಡಕ್ಟರ್ ಎರಡು ಸೀಟಿ ಊದಿದ.

ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರಿಗೆ ಇದು ರಕ್ತದಲ್ಲಿ ಇಳಿದುಬಿಟ್ಟಿತ್ತು. ನಿವೃತ್ತಿಯ ದಿನ ಡ್ರೈವರ್ ಬಸ್ಸಿನ ಕೀಲಿ ಒಪ್ಪಿಸಿ ಬಂದ. ಈ ಪುಣ್ಯಾತ್ಮ ಮಾತ್ರ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದ. ಮೂರು ವರ್ಷವಾದರೂ ತೆಗೆದಿರಲಿಲ್ಲ. ಬಾತುಕೋಳಿ ಕಾಣದಷ್ಟು ನನಗೇನಾಗಿದೆ, ಇನ್ನೆರಡು ಮಾರು ಹತ್ತಿರ ಹೋಗಿದ್ದರೆ ನಾನೇ ನಿಲ್ಲಿಸುತ್ತಿರಲಿಲ್ಲವೇ ಎಂದು ಡ್ರೈವರ್ ಒಳಗೊಳಗೇ ಕುದಿದ.

ಅವನಿಗೆ ಉಳಿದಿದ್ದೇ ಈ ಒಂದು ದಾರಿ. ಮನೆಯ ಗೇಟಿನ ಕಂಬಕ್ಕೆ ಒಮ್ಮೆ ಸ್ಕೂಟರ್ ಉಜ್ಜಿದ್ದನ್ನೇ ನೆಪ ಮಾಡಿಕೊಂಡು ಮಗ ಅದರ ಕೀಲಿ ಬಚ್ಚಿಟ್ಟು ಎರಡು ತಿಂಗಳಾಗಿತ್ತು. “ಗಾಡಿ ಓಡಾಡದ ಕಡೆ ಬೇಕಾದ್ರೆ ಸೈಕಲ್ ಹೊಡೀರಿ ಅಪ್ಪಾ. ಆದ್ರೆ ಒಬ್ರೇ ಅಲ್ಲ,” ಎಂದಿದ್ದ. ಹೊಲಗಳ ನಡುವೆ, ನದಿಯ ಪಕ್ಕ, ಉದ್ಯಾನದಿಂದ ಉದ್ಯಾನಕ್ಕೆ ಇಪ್ಪತ್ತೆರಡು ಕಿಲೋಮೀಟರ್, ಎದುರಿಗೆ ಒಂದು ಸ್ಕೂಟರೂ ಬರುವುದಿಲ್ಲ ಎಂದು ಸೈಕಲ್ ಅಂಗಡಿಯವನು ನಕ್ಷೆ ಬಿಡಿಸಿ ತೋರಿಸಿದ್ದ. ಪ್ರತಿ ಉದ್ಯಾನದ ಬಾಗಿಲಲ್ಲೂ ಗಾಡಿ ನುಗ್ಗದಂತೆ ಕಂಬ ನೆಟ್ಟಿದ್ದಾರೆ ಎಂದೂ ಹೇಳಿದ್ದ. ಮತ್ತೆ ಕೈಗೊಂದು ಹ್ಯಾಂಡಲ್ ಸಿಕ್ಕಿತಲ್ಲ ಎಂಬ ಖುಷಿಗೆ ಡ್ರೈವರನಿಗೆ ಹಿಂದಿನ ರಾತ್ರಿ ನಿದ್ದೆಯೇ ಬಂದಿರಲಿಲ್ಲ. ಆ ಖುಷಿಗೆ ಈಗ ಹೆಜ್ಜೆಹೆಜ್ಜೆಗೂ ಸೀಟಿ. ಗುಂಡಿಗೊಂದು, ಒದ್ದೆ ಎಲೆಗೊಂದು, ಹಗ್ಗ ಬಿಚ್ಚಿಕೊಂಡ ಕರುವಿಗೊಂದು. ಸಾಲದ್ದಕ್ಕೆ “ಮುಂದಿನದು ಮುರುಕು ಸೇತುವೆ, ಇಳಿಯೋರು ಮುಂದೆ ಬನ್ನಿ!” ಎಂಬ ಕೂಗು ಬೇರೆ. ತುಳಿಯುತ್ತಾನಾ ಎಂದರೆ ಅದೂ ಇಲ್ಲ. ಪೆಡಲಿನ ಜೊತೆ ಕಾಲು ಸುತ್ತಿಸುತ್ತಾ ಕೂತಿರುತ್ತಾನೆ, ಅಷ್ಟೇ.

ಆರನೆಯ ಸೀಟಿಗೆ ಡ್ರೈವರನ ತಾಳ್ಮೆ ಕೈಕೊಟ್ಟಿತು. ಈ ಸಲ ದಾರಿಗೆ ಬಿದ್ದಿದ್ದ ಒಂದು ಕೊಂಬೆ.

“ಬಸ್ಸಲ್ಲೂ ನಿಂದು ಇದೇ ಹಾಳು ಚಾಳಿ! ಕೊನೇ ಎರಡು ವರ್ಷ ಆ ಶಾಲೆ ತಿರುವಲ್ಲಿ ದಿನಾ ಬೆಳಗ್ಗೆ ಒಂದು ಸೀಟಿ. ಅಲ್ಲಿ ಸ್ಟಾಪೂ ಇಲ್ಲ, ಇಳಿಯೋ ನರಪಿಳ್ಳೆಯೂ ಇಲ್ಲ. ದಿನಾ ಲೇಟು. ಡಿಪೋದಲ್ಲಿ ಬೈಸ್ಕೊಂಡಿದ್ದು ನಾನು.”

“ಇಬ್ರೂ ಬೈಸ್ಕೊಂಡ್ವಿ,” ಎಂದ ಕಂಡಕ್ಟರ್.

“ಮುಂದಿನ ವಾರದಿಂದ ನಾನೊಬ್ಬನೇ ಬರ್ತೀನಿ, ಒಂಟಿ ಸೈಕಲ್ ತಗೊಂಡು. ಮಗನಿಗೆ ಇವತ್ತೇ ಹೇಳ್ತೀನಿ. ಈ ದಾರೀಲಿ ಹೆದರೋಕೆ ಏನಿದೆ? ಕಣ್ಣು ಮುಚ್ಕೊಂಡು ಹೊಡೀಬಹುದು!”

“ಸರಿ.”

“ಏನು ಸರಿ? ವಾಪಸ್ ಹೋಗೋವರೆಗೂ ಇನ್ನು ಒಂದು ಸೀಟಿ ಕೇಳಿಸಬಾರದು.”

“ಆಯ್ತಪ್ಪಾ.”

ಆಮೇಲಿನ ಹತ್ತು ನಿಮಿಷ ಡ್ರೈವರನ ಪಾಲಿಗೆ ಸ್ವರ್ಗ. ಹಿಂದೆ ಉಸಿರಿಲ್ಲ. ಅಷ್ಟೇ ಅಲ್ಲ, ಮೂರು ಕಾಸಿನ ಮಾತಿಗೆ ಮುನಿಸಿಕೊಂಡವನು ಈಗ ನಿಜವಾಗಿಯೂ ತುಳಿಯುತ್ತಿದ್ದ. ಸೈಕಲ್ಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತು. ಹೊಲಗಳು ಮುಗಿದು ದಾರಿ ಇಳಿಜಾರಾಯಿತು, ಮೊದಲ ಉದ್ಯಾನದ ಮರಗಳ ನೆರಳು ತಂಪಾಗಿ ಮೈಮೇಲೆ ಬಿತ್ತು. ಡ್ರೈವರ್ ತುಳಿಯುವುದನ್ನು ನಿಲ್ಲಿಸಿ ಇಳಿಜಾರಿಗೆ ಸೈಕಲ್ಲು ಬಿಟ್ಟ.

ಆಗ ಕಿವಿ ಸೀಳುವಂತೆ ಒಂದು ಸೀಟಿ.

ಚಕ್ರಗಳು ಜಾರಿ, ಸೈಕಲ್ಲು ಅರ್ಧ ಅಡ್ಡ ತಿರುಗಿ ನಿಂತಿತು. ಡ್ರೈವರನಿಗೆ ಮೈಯೆಲ್ಲ ಉರಿದುಹೋಯಿತು. “ಕೊಟ್ಟ ಮಾತು ಇಷ್ಟು ಬೇಗ ಮರೆತೋಯ್ತಾ? ಈಗ ಯಾವ ಬಾತುಕೋಳಿ?” ಎಂದು ಹಿಂದಕ್ಕೆ ತಿರುಗಿ ಕಿರುಚಿದ.

ಕಂಡಕ್ಟರನ ಮುಖ ಬಿಳಿಚಿಕೊಂಡಿತ್ತು. ಗದ್ದದಿಂದ ಮುಂದಕ್ಕೆ ತೋರಿಸಿದ.

ಡ್ರೈವರ್ ನೋಡಿದ. ಮೊದಲು ಬರೀ ನೆರಳು ಕಂಡಿತು. ಕಣ್ಣು ಕಿರಿದು ಮಾಡಿ ಬಗ್ಗಿದ ಮೇಲೆ, ಮುಂದಿನ ಚಕ್ರದಿಂದ ಒಂದು ಗೇಣು ದೂರದಲ್ಲಿ, ದಾರಿಯ ನಟ್ಟನಡುವೆ, ಸೊಂಟದೆತ್ತರದ ಕಬ್ಬಿಣದ ಕಂಬ. ಅಂಗಡಿಯವನು ಹೇಳಿದ್ದ ಕಂಬ. ನೆರಳಿನದೇ ಬಣ್ಣ. ಡ್ರೈವರ್ ಕೈ ಚಾಚಿ ಅದನ್ನು ಮುಟ್ಟಿದ. ತಣ್ಣಗಿತ್ತು. ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ.

“ಆ ಶಾಲೆ ತಿರುವಲ್ಲಿ,” ಎಂದು ಕೇಳಿದ, ಕಂಬದ ಮೇಲಿನ ಕೈ ತೆಗೆಯದೆ, ತಿರುಗಿ ನೋಡದೆ, “ದಿನಾ ಯಾರನ್ನಯ್ಯಾ ಇಳಿಸ್ತಿದ್ದೆ?”

ಕಂಡಕ್ಟರ್ ಸೀಟಿಯನ್ನು ಅಂಗಿಯ ತುದಿಗೆ ಒರೆಸಿಕೊಂಡ.

“ಇಳಿಸ್ತಿರಲಿಲ್ಲ ಕಣಯ್ಯಾ. ಮಕ್ಕಳನ್ನ ದಾಟಿಸ್ತಿದ್ದೆ.”