ಕೊಕ್ಕುಗಳ ನಡುವಿನ ಮಾತು

“ಮಗು ಇರೋದನ್ನ ಮುಚ್ಚಿಟ್ಟು ಹೆಣ್ಣು ತೋರಿಸ್ತೀರಾ?”

ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಮಗ “ಅಮ್ಮಾ” ಎಂದು ಓಡಿಬಂದದ್ದೇ ತಡ, ಗಂಡಿನ ತಾಯಿ ಉಪ್ಪಿಟ್ಟಿನ ತಟ್ಟೆ ಸರಿಸಿ ಎದ್ದುಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಗಾಂಧಿ ಬಜಾರಿನ ವಧೂವರರ ಕೇಂದ್ರದಲ್ಲಿ ಮಧುರಾ ನಿಂತಿದ್ದಳು.

“ವಿಧವೆ, ಒಬ್ಬ ಮಗನಿದ್ದಾನೆ ಅಂತ ಹಾಕಿ ಅಂದಿದ್ನಲ್ಲ?”

“ನಾನೇ ಟೈಪ್ ಮಾಡಿದೀನಮ್ಮ!” ಕೇಂದ್ರ ನಡೆಸುವ ವೇಣುಗೋಪಾಲ್ ಎದೆ ಮುಟ್ಟಿಕೊಂಡರು. ನಾಜೂಕಿನ ವಿಷಯವನ್ನು ಹಕ್ಕಿಯ ಕೊಕ್ಕಿನಂಥ ಎರಡು ಗುರುತುಗಳ (< >) ನಡುವೆ ಬರೆಯುವುದು ಅವರ ರೂಢಿ. ಮುಖಕ್ಕೆ ಹೊಡೆದಂತಿರಬಾರದು, ಅಷ್ಟೇ.

ವೆಬ್‌ಸೈಟ್ ಮಾಡಿದ ಯಶಶ್ರೀ ಪುಟ ತೆರೆಯತೊಡಗಿದಳು. ಫೋನ್ ತಂತಿಯ ಇಂಟರ್‌ನೆಟ್ ತೆವಳುತ್ತಿತ್ತು.

ಮೊದಲೆಲ್ಲ ಮಗನ ವಿಷಯ ಪುಟದಲ್ಲಿ ಕಾಣುತ್ತಿತ್ತು. ಆ ವಿಷಯದಲ್ಲಿ ಮಧುರಾಗೆ ಅನುಮಾನವಿರಲಿಲ್ಲ. ಆಷಾಢಕ್ಕೆ ಮುಂಚೆ ಶಂಕರಪುರದ ಚಕ್ರಪಾಣಿ ಅದನ್ನು ಓದಿಕೊಂಡೇ ಹೆಣ್ಣು ನೋಡಲು ಬಂದಿದ್ದ. ಬಂದವರಲ್ಲಿ ಅವಳಿಗೆ ಮನಸ್ಸಾದದ್ದು ಅವನೊಬ್ಬನ ಮೇಲೆಯೇ. ಕೊಟ್ಟ ಎರಡು ಮೈಸೂರು ಪಾಕಿನಲ್ಲಿ ಒಂದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ್ದ; ತಿಂಡಿಪೋತ ಎಂದು ಒಳಗೇ ನಕ್ಕಿದ್ದಳು. ಹೊರಡುವಾಗ ದನಿ ತಗ್ಗಿಸಿ ಕೇಳಿದ್ದ: “ಮನೇಲಿ ಮಗು ಇದ್ರೆ ನಿಮಗೆ ಹೊರೆ ಅನ್ಸಲ್ವಾ?”

ಹೆತ್ತ ಮಗನನ್ನು ಹೊರೆ ಎನ್ನುವವನ ಮನೆ ಬೇಡ. ಜಾತಕ ಕೂಡಲಿಲ್ಲ ಎಂದು ಮಾರನೆಯ ದಿನವೇ ಹೇಳಿಕಳಿಸಿದಳು. ಬೇಡ ಎನ್ನಲು ಎಲ್ಲರೂ ಆಡುವ ಮಾತು ಅದು. ಯಾರೂ ಕಾರಣ ಕೆದಕುವುದಿಲ್ಲ. ಅವನೂ ಕೆದಕಲಿಲ್ಲ.

ಯಶಶ್ರೀ ನಾಲಿಗೆ ಕಚ್ಚಿಕೊಂಡಳು. “ಅಂಕಲ್, ಕೊಕ್ಕುಗಳ ನಡುವೆ ಇರೋದನ್ನ ಬ್ರೌಸರ್ ತನಗೆ ಕೊಟ್ಟ ಅಪ್ಪಣೆ ಅನ್ಕೊಂಡು ನುಂಗ್ಬಿಡುತ್ತೆ. ಪಟ್ಟಿ ಜೋಡಿಸೋ ಸಾಫ್ಟ್‌ವೇರ್‌ಗೆ ಎಸ್ಕೇಪ್ ಮಾಡಿ, ಅಂದ್ರೆ ‘ಇದು ಬರೀ ಅಕ್ಷರ’ ಅಂತ ಗುರುತು ಹಾಕಿ ಕೊಟ್ಟಿದ್ರೆ, ಅಕ್ಷರವಾಗೇ ಕಾಣ್ತಿತ್ತು. ನಾನು ಹಸಿಯಾಗೇ ಕೊಟ್ಬಿಟ್ಟಿದೀನಿ.”

“ಬೇಯಿಸಿ ಕೊಡಮ್ಮ ತಾಯಿ, ಮಾನ ಹೋಗ್ತಿದೆ!”

“ಮೊದಲು ಕಾಣ್ತಿತ್ತಲ್ಲ?” ಎಂದಳು ಮಧುರಾ.

“ಇಲ್ಲ ಅಕ್ಕ. ಒಂದು ದಿನಾನೂ ಕಂಡಿಲ್ಲ. ಯಾರ ಸಾಲಲ್ಲೂ.”

ಯಶಶ್ರೀ ಏನನ್ನೋ ತಿದ್ದಿದಳು. ಪುಟ ಮತ್ತೆ ಮೇಲಿನಿಂದ ಇಳಿಯತೊಡಗಿತು.

“ಹಾಗೇ ಆ ಚಕ್ರಪಾಣಿ ಅವರ ಸಾಲು ತೆಗೆದ್ಬಿಡು,” ಎಂದರು ವೇಣುಗೋಪಾಲ್. “ಮೊನ್ನೆ ಭಾನುವಾರ ಅವರದು ಧಾರೆ ಆಯ್ತು.”

“ಒಂದ್ನಿಮಿಷ,” ಎಂದು ಮಧುರಾ ಪರದೆಯತ್ತ ಬಾಗಿದಳು. ಇಷ್ಟು ದಿನ ಅವನ ಹೆಸರಿನ ಪಕ್ಕ ಖಾಲಿಯಿದ್ದ ಜಾಗದಲ್ಲಿ, ಕೊಕ್ಕುಗಳ ನಡುವೆ, ಅಕ್ಷರಗಳು ಮೂಡಿದ್ದವು.

“ಹೆಂಡತಿ ತೀರಿಕೊಂಡಿದ್ದಾರೆ. ಐದು ವರ್ಷದ ಮಗಳಿದ್ದಾಳೆ. ಒಪ್ಪುವವರು ಮಾತ್ರ.”