ಮುರಿಗೆಪ್ಪ ಸರ್ ಅವರ ವರ್ಗಾವಣೆ

ಕಲ್ಲೋಳಿಯ ಬಸ್ ಸ್ಟ್ಯಾಂಡಿನಲ್ಲಿ ದ್ರಾಕ್ಷಾಯಿಣಿ ಪಿಯುಸಿ ಪಾಸಾದ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಏನೋ ಹೇಳುತ್ತಿದ್ದಳು. ಮುರಿಗೆಪ್ಪ ಬೈಕ್ ನಿಲ್ಲಿಸಿದರು. ಕೊಣ್ಣೂರಿನಲ್ಲೂ ಆಕೆ ಮನೆಮನೆ ತಿರುಗಿದ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ಮುರಿಗೆಪ್ಪ ಗೋಕಾಕ ಕಡೆಯ ಒಂದು ಸರ್ಕಾರಿ ಪದವಿ ಕಾಲೇಜಿನ ಇತಿಹಾಸ ವಿಭಾಗದ ಮುಖ್ಯಸ್ಥರು. ದ್ರಾಕ್ಷಾಯಿಣಿ ಮೊನ್ನೆ ಮೊನ್ನೆಯವರೆಗೆ ಅಲ್ಲಿ ಅತಿಥಿ ಉಪನ್ಯಾಸಕಿ. ತನ್ನ ಪಾಠದ ಜೊತೆಗೆ ಅವರ ಪಾಠವನ್ನೂ ವರ್ಷಗಟ್ಟಲೆ ಮಾಡಿದವಳು. ಅವರು ಕೋಣೆಯಲ್ಲಿ ಕುಳಿತು ಚಹಾ ಕುಡಿದವರು.

ಅವರ ಜೀವವೆಲ್ಲ ಬೆಳಗಾವಿಯಲ್ಲಿತ್ತು. ಮನೆ ಕಟ್ಟಿಸಿದ್ದು ಅಲ್ಲಿ, ಹೆಂಡತಿ ಮಕ್ಕಳಿರುವುದೂ ಅಲ್ಲಿ. ವಿಭಾಗದಲ್ಲಿ ವಿದ್ಯಾರ್ಥಿಗಳೇ ಇಲ್ಲದಿದ್ದರೆ ಖಾಯಂ ಅಧ್ಯಾಪಕರನ್ನು ಬೇರೆ ಕಾಲೇಜಿಗೆ ಕಳಿಸುತ್ತಾರೆ; ಬೆಳಗಾವಿಗೇ ಕಳಿಸಿರೆಂದು ಅವರು ಅರ್ಜಿಯನ್ನೂ ಕೊಟ್ಟಿದ್ದರು. ಅದಕ್ಕೇ ಕಳೆದ ವರ್ಷ ಪ್ರವೇಶದ ದಿನಗಳಲ್ಲಿ ಬಾಗಿಲಲ್ಲೇ ನಿಂತು, "ಇತಿಹಾಸ ತಗೊಂಡು ಹಾಳಾಗಬ್ಯಾಡ್ರಿ" ಎಂದು ಹುಡುಗರನ್ನು ಅಟ್ಟಿದರು. ತರಗತಿ ಮುಕ್ಕಾಲು ಬರಿದಾಯಿತು. ಮೊದಲು ಹೋದದ್ದು ದ್ರಾಕ್ಷಾಯಿಣಿಯ ಕೆಲಸ.

"ಅತಿಥಿ ಅಂದಮ್ಯಾಲ ಎದ್ದು ಹೋಗೋದೂ ಕಲೀಬೇಕವಾ," ಎಂದಿದ್ದರು, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು. ಕೆಲವರು ನಕ್ಕರು. ಆಕೆಗೆ ಮೈಯೆಲ್ಲ ಉರಿದಿತ್ತು. ಆ ಉರಿ ಇನ್ನೂ ಆರಿರಲಿಲ್ಲ.

"ಏನ್ ನಡಸೀರಿ ಮೇಡಂ?" ಮುರಿಗೆಪ್ಪ ಕೇಳಿದರು.

"ಮೂಡಲಗ್ಯಾಗ ಖಾಸಗಿ ಕಾಲೇಜು ಸೇರೇನ್ರಿ ಸರ. ಈಗ ಹುಡುಗೂರನ್ನ ಕೂಡಸಾಕತ್ತೇನಿ. ನಿಮ್ಮ ವಿಭಾಗ ಈ ಸಲ ಏನಾಕ್ಕತಿ ನೋಡ್ತಿರ್ರಿ."

ಮುರಿಗೆಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಪಾಪ, ಸೇಡಿನ ಭರದಲ್ಲಿ ಇದ್ದಬದ್ದ ಹುಡುಗರನ್ನೂ ಬೇರೆಡೆಗೆ ಎಳೆಯುತ್ತಿದ್ದಾಳೆ. ತಮಗೆ ಬೆಳಗಾವಿಯ ದಾರಿ ಮಾಡಿಕೊಡುತ್ತಿರುವುದು ಆಕೆಗೆ ತಿಳಿಯದು! ಅವರು ಬೇಕೆಂದೇ ಮುಖ ಸಣ್ಣದು ಮಾಡಿಕೊಂಡರು.

"ಹೊಟ್ಟಿಪಾಡು ಐತಿ, ಮಾಡ್ರಿ. ದಡ್ಡಿ ಊರಿನ ಕಡೆನೂ ಹೋಗ್ರಿ. ಅಲ್ಲಿ ನಮ್ಮ ಪರಿಚಯದ ಮಂದಿ ಅದಾರ. ಮೇಡಂ ಹೇಳಿದಂಗ ಕೇಳ್ರಿ ಅಂತ ನಾನೂ ಫೋನ್ ಮಾಡ್ತೀನಿ."

"ನಿಮ್ಮ ಉಪಕಾರ ಮರಿಯಂಗಿಲ್ರಿ ಸರ."

ಅವರು ಕೊಟ್ಟ ಮಾತಿನಂತೆ ಊರೂರಿಗೆ ಫೋನ್ ಮಾಡಿದರು. ಆಮೇಲೆ ಸಾಮಾನು ಕಟ್ಟಿದರು. ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೂ ಹೇಳಿದರು.

ಕಾಲೇಜು ಶುರುವಾದ ದಿನ ಪ್ರಾಂಶುಪಾಲ ಗುರುಪಾದ ಮುರಿಗೆಪ್ಪನವರನ್ನು ಕರೆಸಿದರು. "ನಿಮ್ಮನ್ನ ಬೆಳಗಾವಿಗೆ ಬಿಡಾಕ ಬರಂಗಿಲ್ರಿ. ಇತಿಹಾಸದ ಕ್ಲಾಸ್ ತುಂಬೇತಿ, ಕುಂದ್ರಾಕ ಜಾಗ ಇಲ್ಲ. ನೀವೂ ಊರೂರಿಗೆ ಫೋನ್ ಮಾಡಿದ್ರಂತ, ಭಾಳ ಚಲೋ ಆತು."

ಮುರಿಗೆಪ್ಪ ಮೇಜಿನ ಮೇಲೆ ಬಾಗಿದರು. "ಹಂಗಾರ ದ್ರಾಕ್ಷಾಯಿಣಿನ ಕರೀರಿ. ಪಾಠ ಮಾಡ್ಲಿ."

"ಕರದೇನ್ರಿ. ಆಕಿ ಮೂಡಲಗಿಯ ಖಾಸಗಿ ಪಿಯು ಕಾಲೇಜಿನ್ಯಾಗ ಖಾಯಂ ಆಗ್ಯಾಳಂತ. ಬರಂಗಿಲ್ಲ ಅಂದ್ಲು."

ಬೆವರು ಒರೆಸಿಕೊಳ್ಳುತ್ತ ಮುರಿಗೆಪ್ಪ ತರಗತಿಯ ಬಾಗಿಲು ತೆರೆದರು. ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಪಾಠ ಮಾಡಿ ಯಾವ ಕಾಲವಾಗಿತ್ತೋ, ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಇವರೆಲ್ಲ ಎಲ್ಲಿಂದ ಬಂದರೆಂದು ಮಾತ್ರ ಹೇಗೋ ಕೇಳಿದರು.

ಮುಂದೆ ನಿಂತ ಕಾಜಲ್ ಕೈಮುಗಿದಳು. "ದ್ರಾಕ್ಷಾಯಿಣಿ ಮೇಡಂ ಮನಿಮನಿಗೆ ಬಂದು ಇತಿಹಾಸನ ತಗೋರಿ ಅಂದ್ರು ಸರ, ನಿಮ್ಮಂಗ ಕಲಸವ್ರು ಈ ಸೀಮ್ಯಾಗ ಯಾರೂ ಇಲ್ಲಂತ."